ಸಹಿ ಹಾಕುವ ಮೊದಲು

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ನೀನು ಕಳಿಸಿದ ಸೀರಿಯಲ್‌ನವರ ಒಪ್ಪಂದದ ಪ್ರತಿ ಓದಿದೆ. ಫೋನಿನಲ್ಲಿ ಅಕ್ಷರ ಕಾಣುವುದಿಲ್ಲ, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ನಿನ್ನ ಉದ್ದದ ಮೆಸೇಜೂ ಓದಿದೆ. ಸೀರಿಯಲ್‌ಗೆ ಸಂಭಾಷಣೆ ಬರೆಯುವ ಕೆಲಸ ಬೇಡವಂತೆ. ಅಪ್ಪ ತೋಟ ಅಡವಿಟ್ಟು ದುಡ್ಡು ಕೊಡುತ್ತಾರಂತೆ. ನೀನೇ ಬರೆದು, ನೀನೇ ನಿರ್ದೇಶಿಸಿ, ನೀನೇ ನಿರ್ಮಾಪಕಿಯಾಗಿ ತುಳು ಸಿನಿಮಾ ಮಾಡುತ್ತೀಯಂತೆ. ಸಿನಿಮಾ ಮಾಡಬೇಡ ಅಂತ ನಾನು ಹೇಳುವವಳಲ್ಲ. ಆದರೆ ಮೂರೂ ಕೆಲಸ ಒಟ್ಟಿಗೇ ತಲೆ ಮೇಲೆ ಹಾಕಿಕೊಳ್ಳಬೇಡ ಮಾರಾಯ್ತಿ. ಮೊದಲು ಬರೆ. ದುಡ್ಡು ಹಾಕುವುದು ಆಮೇಲಿನ ಮಾತು.

ಸೀರಿಯಲ್ ಅಂದರೆ ಕೀಳು ಅಂತ ನಿನ್ನ ತಲೆಗೆ ತುಂಬಿದವರು ಯಾರೋ ಗೊತ್ತಿಲ್ಲ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷ, ಅದನ್ನು ದಿನಾ ತುಂಬಬೇಕು. ಬೆಳಗ್ಗೆ ಏಳಕ್ಕೆ ಫೋನ್ ಬರುತ್ತದೆ, ಅತ್ತೆ ಪಾತ್ರದವರಿಗೆ ಜ್ವರ. ಒಂಬತ್ತಕ್ಕೆ ಶೂಟಿಂಗ್. ಅವರು ಎದುರು ನಿಂತು ಬೈಯಬೇಕಿದ್ದನ್ನೆಲ್ಲ ಈಗ ಸೊಸೆಗೆ ಬರುವ ಒಂದು ಫೋನಿನಲ್ಲಿ ಮುಗಿಸಬೇಕು. ಆ ಕಡೆಯ ಮಾತು ಕೇಳಿಸುವುದೇ ಇಲ್ಲ, ಸೊಸೆ "ಹೂಂ", "ಸರಿ ಅತ್ತೆ", "ನಾನಲ್ಲ ಅತ್ತೆ" ಅನ್ನುವುದರಲ್ಲೇ ಬೈಗುಳ ಪೂರ್ತಿ ಗೊತ್ತಾಗಬೇಕು. ಎರಡು ಗಂಟೆಯಲ್ಲಿ ಇದನ್ನು ಬರೆದು ಕೊಡುವವಳು ಸಿನಿಮಾ ಸೆಟ್ಟಿನಲ್ಲಿ ಹೆದರುವುದಿಲ್ಲ. ಗುರುವಾರ ರೇಟಿಂಗ್ ಬಂದ ಮೇಲೆ ಕಥೆಯನ್ನೇ ತಿರುಗಿಸು ಅಂತಾರೆ, ಅದು ಬೇಜಾರಿನ ಭಾಗ, ನಿಜ. ಮಂಗಳೂರು ಆಕಾಶವಾಣಿಗೆ ನಾಟಕ ಬರೆಯುತ್ತಿದ್ದಾಗ ನನಗೆ ಗಡಿಯಾರವೇ ಮೇಷ್ಟ್ರು. ಯಾವ ಮಾತು ತೆಗೆದರೂ ಕಥೆ ನಡೆಯುತ್ತದೋ ಅದು ಮೊದಲಿಂದಲೂ ಬೇಡದ್ದೇ ಆಗಿರುತ್ತಿತ್ತು.

ಇನ್ನು, ನೀನು ಕೊರಿಯನ್ ಸೀರೀಸ್ ನೋಡಿ ಸಂಭಾಷಣೆ ಕಲಿಯುತ್ತೀಯಂತೆ. ಕಲಿ. ಊರಿಗೆ ಬಂದಾಗ ಒಂದು ತಾಳಮದ್ದಳೆಗೂ ಕೂತುಕೋ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಮತ್ತು ಎದುರುಬದುರು ಕೂತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು. ಬರೆದಿಟ್ಟ ಡೈಲಾಗೂ ಇಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ಕೇಳುವಾಗ ಅವನದ್ದೇ ಸರಿ ಅನ್ನಿಸುತ್ತದೆ. ರಾಮ ಬಾಯಿ ತೆರೆದರೆ ಅದೂ ಸರಿ. ನಿನ್ನ ಸ್ಕ್ರಿಪ್ಟಿನಲ್ಲಿ ವಿಲನ್‌ಗೆ ಅಷ್ಟು ಮರ್ಯಾದೆ ಸಿಕ್ಕಿಲ್ಲ. ಅವನು ಬಂದು ನಿಂತ ಕೂಡಲೇ ಕೆಟ್ಟವನು ಅಂತ ಗೊತ್ತಾಗಿಬಿಡುತ್ತದೆ.

ಈಗ ಒಪ್ಪಂದ. ಏಳನೇ ಕಲಮು ನೋಡು. "ಲೇಖಕರು ಬರೆದ ಮತ್ತು ಮುಂದೆ ಬರೆಯಲಿರುವ ಎಲ್ಲ ಕೃತಿಗಳು" ಅಂತ ಇದೆ. ಹಾಗಾದರೆ ನಿನ್ನ ತುಳು ಕಥೆಯೂ ಅವರದ್ದೇ ಆಯಿತು ಅಲ್ವಾ? ಅದನ್ನು ಹೊಡೆದು ಹಾಕಿಸಿ "ಈ ಧಾರಾವಾಹಿಗೆ ಬರೆದ ಸಂಭಾಷಣೆ ಮಾತ್ರ" ಅಂತ ಬರೆಸು. ಬ್ಯಾಂಕಿನಲ್ಲಿ ಸಾಲಪತ್ರ ಓದಿ ಓದಿ ನನ್ನ ಕಣ್ಣು ಇಂಥ ಜಾಗಕ್ಕೇ ಮೊದಲು ಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬಾಯಿಮಾತಲ್ಲಿ ಆಗುವುದಿಲ್ಲ, ಕಾಗದ ಬೇಕು, ಸಹಿ ಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರು "ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಮರೆಯದೆ ಹಾಕಿದ್ದಾರೆ. ಅದನ್ನು ತೆಗೆಸುವುದು ಹೊಸಬರಿಗೆ ಕಷ್ಟ, ಅಲ್ಲಿ ಸುಮ್ನೆ ಜಗಳ ಬೇಡ. ನಿನ್ನ ಜಗಳ ಏಳನೇ ಕಲಮಿಗೆ ಮೀಸಲಿರಲಿ.

ಹಾಗೆಯೇ ಸಿಕ್ಕಿದವರಿಗೆಲ್ಲ ಕಾಫಿ ಕುಡಿಯುತ್ತಾ ಕಥೆ ಹೇಳುವ ಚಾಳಿ ಬಿಡು. ಬರೀ ಐಡಿಯಾಕ್ಕೆ ಹಕ್ಕಿಲ್ಲ, ಅದನ್ನು ಬರೆದ ರೀತಿಗೆ ಮಾತ್ರ ಅಂತ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿದೆ. ಕೇಸು ಹಾಕಿದ್ದವರು ಒಬ್ಬ ನಾಟಕಕಾರರು, ಸೋತರು. ಪೂರ್ತಿ ಬರೆದು, ಮೇಲ್ ಕಳಿಸಿ, ಆಮೇಲೆ ಬಾಯಿ ಬಿಡು.

ನಿರ್ಮಾಪಕಿಯಾಗುವ ವಿಷಯಕ್ಕೆ ಬರುತ್ತೇನೆ. ಕನ್ನಡ ಸಿನಿಮಾ ನಿರ್ದೇಶಕ ಪವನ್ ಕುಮಾರ್ ಅವರನ್ನೇ ನೋಡು. ಮೊದಲು ಯೋಗರಾಜ ಭಟ್ಟರ ಜೊತೆ "ಮನಸಾರೆ", "ಪಂಚರಂಗಿ"ಗೆ ಬರೆದರು. 2011ರಲ್ಲಿ ನಿರ್ದೇಶಕರಾದರು. 2013ರ "ಲೂಸಿಯಾ"ಕ್ಕೆ ಪ್ರೇಕ್ಷಕರೇ ದುಡ್ಡು ಹಾಕಿದರು. 2017ರಲ್ಲಿ ಬೇರೆಯವರ ಸಿನಿಮಾಕ್ಕೆ ನಿರ್ಮಾಪಕರಲ್ಲಿ ಒಬ್ಬರಾದರು, ಅದು ನಮ್ಮ ಮಂಗಳೂರಿನ ರಾಜ್ ಬಿ. ಶೆಟ್ಟಿಯವರ "ಒಂದು ಮೊಟ್ಟೆಯ ಕಥೆ". ರಾಜ್ ಅದನ್ನು ಬರೆದರು, ನಿರ್ದೇಶಿಸಿದರು, ನಾಯಕನೂ ಆದರು. ನಿರ್ಮಾಣದ ಹೊರೆ ಮಾತ್ರ ಬೇರೆಯವರದ್ದು. ಮೊದಲ ಸಿನಿಮಾಕ್ಕೆ ಅಷ್ಟು ಸಾಕಲ್ವಾ?

ತುಳು ಮಾತಾಡುವವರು 2011ರ ಜನಗಣತಿಯಲ್ಲಿ 18 ಲಕ್ಷ ಚಿಲ್ಲರೆ. ಅದರಲ್ಲಿ ತೊಟ್ಟಿಲ ಮಕ್ಕಳೂ ಇದ್ದಾರೆ, ಟಿವಿಯಲ್ಲಿ ಬಂದಾಗ ನೋಡಿದರಾಯಿತು ಅನ್ನುವ ನಿನ್ನ ದೊಡ್ಡಪ್ಪನೂ ಇದ್ದಾರೆ. ಟಿಕೆಟಿನ ದುಡ್ಡಲ್ಲಿ ಜಿಎಸ್‌ಟಿ ಹೋಗಬೇಕು, ಥಿಯೇಟರಿನವರ ಪಾಲು ಹೋಗಬೇಕು, ವಿತರಕರ ಕಮಿಷನ್ ಹೋಗಬೇಕು, ಪೋಸ್ಟರ್ ಅಂಟಿಸಿದವರಿಗೂ ಕೊಡಬೇಕು. ಉಳಿದದ್ದು ನಿನಗೆ, ಅದೂ ನಿಧಾನಕ್ಕೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. ಆ ತೋಟದ ಅಡಿಕೆಯಲ್ಲೇ ನಿನ್ನ ತಮ್ಮನ ಫೀಸು ಕಟ್ಟುವುದು. ನಿನ್ನ ಅಪ್ಪನಿಗೆ ಮಗಳ ಮಾತಿಗೆ ಇಲ್ಲ ಅನ್ನಲು ಬರುವುದಿಲ್ಲ, ಅದು ನಿನಗೂ ಗೊತ್ತು. ಅಡವಿನ ವಿಷಯ ಅವನ ಹತ್ತಿರ ನಾನೇ ಮಾತಾಡುತ್ತೇನೆ, ನೀನು ಸದ್ಯಕ್ಕೆ ಎತ್ತಬೇಡ.

ಏಳನೇ ಕಲಮು ತಿದ್ದಿಸಿ ಕಳಿಸು, ನೋಡಿ ಹೇಳುತ್ತೇನೆ. ತಿದ್ದಲು ಒಪ್ಪದಿದ್ದರೆ ಸಹಿ ಹಾಕಬೇಡ, ಫೋನ್ ಮಾಡು. ಸಂಭಾವನೆ ಎಪಿಸೋಡ್ ಲೆಕ್ಕವೋ ತಿಂಗಳ ಲೆಕ್ಕವೋ ಅಂತ ಕಾಗದದಲ್ಲಿ ಎಲ್ಲೂ ಕಾಣಲಿಲ್ಲ, ಅದನ್ನೂ ಕೇಳು. ನವರಾತ್ರಿಗೆ ಬರುವಾಗ ತುಳು ಸ್ಕ್ರಿಪ್ಟಿನ ಪ್ರಿಂಟ್ ತಾ. ವಿಲನ್ನಿನ ಸೀನುಗಳನ್ನು ಕೂತು ಓದೋಣ.

ಇಂತಿ,
ನಿನ್ನ ದೊಡ್ಡಮ್ಮ