ಮೆಟಾಟೆ ಕೊಳ್ಳುವ ಮುನ್ನ

ಸದಸ್ಯರೇ, ನಮಸ್ಕಾರ.

ನಿನ್ನೆ ಗುಂಪಿನಲ್ಲಿ ಹಾಕಿದ ಮೆಟಾಟೆಯ, ಅಂದರೆ ಮೆಕ್ಸಿಕೋದ ಅರೆಯುವ ಕಲ್ಲಿನ, ಚಿತ್ರವನ್ನು ಎಷ್ಟು ನೋಡಿದರೂ ಸಾಲದು. ಮೂರು ಗಿಡ್ಡ ಕಾಲುಗಳು, ತೂತುತೂತಾದ ಬಸಾಲ್ಟ್ ಎಂಬ ಜ್ವಾಲಾಮುಖಿ ಕಲ್ಲು, ನಡುವೆ ನುಣ್ಣಗೆ ಸವೆದ ತಗ್ಗು. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ಮಂಡಿಯೂರಿ ಅರೆದ ಹೆಂಗಸರ ವರ್ಷಗಟ್ಟಲೆ ದುಡಿಮೆಯೇ ಆ ತಗ್ಗು. ನಮ್ಮ ಗುಂಡುಕಲ್ಲಿನ ಹಾಗೆ ಇದಕ್ಕೂ ಜೊತೆಗಲ್ಲು ಉಂಟು, ಹೆಸರು ಮಾನೋ. ಎರಡರ ಸವೆತ ಒಂದಕ್ಕೊಂದು ಹೊಂದದಿದ್ದರೆ ವ್ಯಾಪಾರಿ ಬೇರೆ ಬೇರೆ ಕಲ್ಲುಗಳನ್ನು ಜೋಡಿಸಿರಬಹುದು.

ಇನ್ನು ಮುಂದೆ, ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಬಂತು ಎಂಬ ಕಾಗದವಿಲ್ಲದ ಪ್ರಾಚೀನ ಕಲ್ಲುಗಳ ಮಾರಾಟದ ಸಂದೇಶವನ್ನು ಇಲ್ಲಿ ಹಾಕಬೇಡಿ. ಮೆಕ್ಸಿಕೋದ 1972ರ ಕಾನೂನಿನ ಪ್ರಕಾರ ಸ್ಪೇನಿನವರು ಬರುವುದಕ್ಕೆ ಮುಂಚಿನ ವಸ್ತುಗಳು ರಾಷ್ಟ್ರದ ಸ್ವತ್ತು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲೂ ಕೇಂದ್ರ ಸರ್ಕಾರದ ಮತ್ತು ಮೂಲನಿವಾಸಿಗಳ ನೆಲದಿಂದ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಪರವಾನಗಿ ಇಲ್ಲದೆ ಎತ್ತುವುದು 1979ರಿಂದ ಅಪರಾಧ. ನಡೆದಾಡುವಾಗ ಕಂಡರೆ ಚಿತ್ರ ತೆಗೆದು, ಕಲ್ಲನ್ನು ಅಲ್ಲೇ ಬಿಟ್ಟು, ಅಲ್ಲಿನ ಅಧಿಕಾರಿಗಳಿಗೆ ತಿಳಿಸಿ.

ಮನೆಯಲ್ಲಿ ಈಗಾಗಲೇ ಹಳೆಯ ಕಲ್ಲಿದ್ದರೆ ದಯವಿಟ್ಟು ಸೋಪು ಹಾಕಿ ಉಜ್ಜಬೇಡಿ. ಆ ಸಣ್ಣ ರಂಧ್ರಗಳಲ್ಲಿ ಉಳಿದ ಪಿಷ್ಟದ ಕಣಗಳಿಂದಲೇ ಅಲ್ಲಿ ಏನನ್ನು ಅರೆದಿದ್ದರು ಎಂಬುದನ್ನು ಸಂಶೋಧಕರು ಗುರುತಿಸುತ್ತಾರೆ. ಒಣ ಬಟ್ಟೆಯಿಂದ ಹೊರಗಿನ ಧೂಳು ಒರೆಸಿದರೆ ಸಾಕು.