ಅಧೀರನೂ ಡಾಕ್ಟರ ಹತ್ತಿರ ಹೋಗಿದ್ದ

ಮ್ಯೂನಿಕ್, 18 ಏಪ್ರಿಲ್ 2022

ಪ್ರೀತಿಯ ತಂಗೆವ್ವನಿಗೆ,

ನಾನು ಆರಾಮ. ಅಪ್ಪನ ಹೆಬ್ಬೆರಳಿನ ಗಾಯ ಮೂರು ವಾರವಾದರೂ ಮಾಯ್ದಿಲ್ಲ ಅಂತ ಪತ್ರದ ಕೊನೇ ಸಾಲಿನಲ್ಲಿ ಬರೆದಿದ್ದೀಯ. ಅದಕ್ಕೂ ಮೊದಲು ಪುಟದ ತುಂಬ ಕೆಜಿಎಫ್ ಎರಡನೇ ಭಾಗ ನೋಡಿದ್ಯಾ ಅಂತ!

ನೋಡಿದೆ ತಂಗೆವ್ವ, ಶನಿವಾರ. ಹಿಂದಿನ ದಿನ ಗುಡ್ ಫ್ರೈಡೇ. ಅವತ್ತು ಇಲ್ಲಿ ಡಿಸ್ಕೋಗಳಲ್ಲಿ ಕುಣಿಯುವ ಹಾಗಿಲ್ಲ, ಕಾನೂನೇ ಇದೆ. ಮರುದಿನ ನಮ್ಮವರು ಥಿಯೇಟರಿನಲ್ಲಿ ಬಡ್ಡಿ ಸಮೇತ ತೀರಿಸಿದರು. ಯಶ್ ಬಂದಾಗ ನಾನೂ ಸಿಳ್ಳೆ ಹಾಕಿದೆ. ಟಿಕೆಟ್ ನೋಡುವ ಜರ್ಮನ್ ಹುಡುಗ ಏನೋ ಅನಾಹುತ ಆಯ್ತು ಅಂತ ಟಾರ್ಚ್ ಹಿಡಿದು ಒಳಗೆ ಬಂದ, ಪಾಪ. ಪಾಪ್‌ಕಾರ್ನ್ ಬಾಯಿಗೆ ಹಾಕಿದರೆ ಸಿಹಿ! ಇಲ್ಲಿ ಸಕ್ಕರೆ ಹಾಕಿದ್ದೇ ಜಾಸ್ತಿ, ಉಪ್ಪಿನದು ಕೇಳಿ ತಗೋಬೇಕು. ಇಂಟರ್‌ವಲ್ ಕೂಡ ಬಿಡಲಿಲ್ಲ, 168 ನಿಮಿಷ ಒಂದೇ ಸಮ. ನೀನು ಹೋದಾಗ ಕೊನೆಗೆ ಹೆಸರು ಬೀಳುವಾಗ ಎದ್ದು ಬರಬೇಡ, ಇನ್ನೊಂದು ಸೀನ್ ಇದೆ.

ಈ ಸಲ ಕಥೆ ಹೇಳೋದು ಅನಂತ್‌ನಾಗ್ ಅಲ್ಲ, ಪ್ರಕಾಶ್ ರೈ. ಅಪ್ಪನಿಗೆ ಮೊದಲೇ ಹೇಳಿಡು, ಇಲ್ಲಾಂದ್ರೆ ಮಧ್ಯದಲ್ಲೇ ಎದ್ದು ಬರ್ತಾನೆ. 2018ರಲ್ಲಿ ಮೊದಲನೇ ಭಾಗಕ್ಕೆ ಗಂಗಾವತಿಯಲ್ಲಿ ಚಪ್ಪಲಿ ಬಿಟ್ಟು, ಎರಡೂ ಕಾಲು ಕುರ್ಚಿ ಮೇಲೆ ಮಡಚಿ ಕೂತಿದ್ದ, ನೆನಪಿದೆಯಾ? ಮನೆಗೆ ಬಂದ ಮೇಲೆ ನೋಡಿದರೆ ಒಂದು ಚಪ್ಪಲಿ ಬೇರೆಯವರದು.

ಈಗ ಅದೇ ಕಾಲು. ನೋವೇ ಇಲ್ಲ ಅಂತಾನೆ ಅಂತ ಬರೆದಿದ್ದೀಯಲ್ಲ, ನನಗೆ ಭಯ ಆಗಿದ್ದೇ ಅದಕ್ಕೆ. ಶುಗರ್ ಕಾಯಿಲೆ ತುಂಬ ವರ್ಷದಿಂದ ಇದ್ದರೆ ಕಾಲಿನ ನರಗಳು ಕೆಡುತ್ತವೆ, ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ನೋವಿಲ್ಲ ಅಂದ್ರೆ ವಾಸಿಯಾಗಿದೆ ಅಂತಲ್ಲ. ಅರಿಶಿನ ಹಚ್ಚಿ ಬಟ್ಟೆ ಕಟ್ಟೋದು ಸಾಕು ಅಂತ ಅವ್ವನಿಗೂ ಹೇಳು. ಭತ್ತದ ಕೊಯ್ಲು ಮುಗಿಯಲಿ ಅನ್ನೋ ಮಾತೂ ಬೇಡ. ಕೊಯ್ಯೋದು ಮಷಿನ್. ಅಪ್ಪ ಬದುವಿನ ಮೇಲೆ ಬರಿಗಾಲಲ್ಲಿ ನಿಂತು ಕೈ ತೋರಿಸೋದು, ಅಷ್ಟೇ. ಅದನ್ನು ಕಂಪ್ಲಿ ಮಾಮನೂ ಮಾಡ್ತಾನೆ.

ಸಿನಿಮಾದಲ್ಲಿ ಹೀರೋ ರಾಕಿ ಗುಂಡು ತಿಂದು ಎದ್ದು ಬರ್ತಾನೆ. ಅಪ್ಪ ಅದನ್ನೇ ಹಿಡ್ಕೋತಾನೆ, ನೋಡ್ತಿರು. ಆಗ ಅಧೀರನ ವಿಷಯ ತೆಗೆ. ಆ ಪಾತ್ರ ಮಾಡಿದ ಸಂಜಯ್ ದತ್‌ಗೆ 2020ರಲ್ಲಿ ಕ್ಯಾನ್ಸರ್ ಆಗಿತ್ತು. ಶೂಟಿಂಗ್ ಮುಗಿಯಲಿ ಅಂತ ಕೂರಲಿಲ್ಲ. ಟ್ರೀಟ್‌ಮೆಂಟ್ ತಗೊಂಡು, ಆಮೇಲೆ ಬಂದು ಕ್ಲೈಮ್ಯಾಕ್ಸ್ ಮಾಡಿದ. ಅಂಥ ವಿಲನ್ನೇ ಡಾಕ್ಟರ ಮುಂದೆ ಕೂತಿದ್ದಾನೆ, ನಿನ್ನದೇನಪ್ಪ ಅಂತ ಕೇಳು.

ನಾಳೆಯೇ ಗಂಗಾವತಿಗೆ ಕರ್ಕೊಂಡು ಹೋಗು. ಬಳ್ಳಾರಿಗೆ ಹೋಗಿ ಅಂದ್ರೆ ಅವತ್ತೇ ಅಲ್ಲಿನ ವಿಮ್ಸ್ ಆಸ್ಪತ್ರೆಗೆ. ಇಪ್ಪತ್ತು ಸಾವಿರ ಹಾಕಿದ್ದೀನಿ. ಇನ್ನೂ ಬೇಕಾದ್ರೆ ಕೇಳು, ನನಗೇನೂ ತೊಂದರೆ ಇಲ್ಲ. ನಿಜವಾಗ್ಲೂ ಇಲ್ಲ. ಏನೂ ಆಗಲ್ಲ, ಅವ್ವ ಸುಮ್ನೆ ಗಾಬರಿಯಾಗೋದು ಬೇಡ. ನಾನೂ ಗಾಬರಿಯಾಗಿಲ್ಲ. ಊಟ, ನಿದ್ದೆ ಎಲ್ಲ ಸರಿಯಾಗೇ ಇದೆ. ನಿನ್ನೆ ರಾತ್ರಿ ಎರಡಕ್ಕೆ ಫೋನ್ ಮಾಡೋಣ ಅಂದುಕೊಂಡೆ. ಅಲ್ಲಿ ಬೆಳಗಿನ ಐದೂವರೆ, ಅವ್ವ ಹೆದರ್ತಾಳೆ ಅಂತ ಬಿಟ್ಟೆ.

ಕುಕ್ಕರ್ ನಾಲ್ಕನೇ ಸೀಟಿ ಹೊಡೀತು, ಇನ್ನು ಪಕ್ಕದ ಮನೆಯಾಕೆ ಬಾಗಿಲು ಬಡೀತಾಳೆ. ಡಾಕ್ಟರ್ ಏನಂದ್ರು ಅಂತ ನಾಳೆ ಸಂಜೆಯೊಳಗೆ ತಿಳಿಸು. ಬೆರಳಿನ ಫೋಟೋನೂ ಕಳಿಸು, ಬಟ್ಟೆ ಬಿಚ್ಚಿ.

ನಿನ್ನ ಅಣ್ಣ