ಬರ್ಗೆನ್‌ನ ಮಂಜಿನಲ್ಲಿ ಜತೆ ನಡೆದವರಿಗೆ

ನಾರ್ವೆಯ ಕಡಲತಡಿಯ ಬರ್ಗೆನ್ ನಗರಕ್ಕೆ ಮೂರು ದಿನಗಳ ಮಟ್ಟಿಗೆ ಒಬ್ಬಳೇ ಹೋಗಿದ್ದ ನಾನು, ಫ್ಲೋಯೆನ್ ಬೆಟ್ಟವನ್ನು 1918ರಿಂದ ಓಡುತ್ತಿರುವ ಹಳಿಬಂಡಿಯಲ್ಲಿ ಸುಮಾರು 320 ಮೀಟರ್ ಎತ್ತರದವರೆಗೆ ಏರಿ, ಇಳಿಯುವಾಗ ಮಾತ್ರ ಕಾಲ್ನಡಿಗೆಯ ಹುಮ್ಮಸ್ಸಿಗೆ ಬಿದ್ದೆ. ಮಲೆನಾಡಿನವಳಾದ ನನಗೆ ಮಳೆ ಹೊಸದಲ್ಲ. ಆದರೆ ಮಂಜು ಕವಿದು, ಮೊಬೈಲ್ ಚಾರ್ಜು ಮುಗಿದು, ಕವಲುದಾರಿಯಲ್ಲಿ ನಿಂತಾಗ ಆ ಜಂಬವೆಲ್ಲ ಇಳಿಯಿತು. ಆಗ ನಾಯಿಯೊಡನೆ ಬಂದ ಹಿರಿಯರೊಬ್ಬರು ನಡುಗುತ್ತಿದ್ದ ನನ್ನ ಕೈಗಳನ್ನು ನೋಡಿ, ತಮ್ಮ ಉಣ್ಣೆಯ ಕೈಗವಸುಗಳನ್ನು ಕಳಚಿಕೊಟ್ಟು, ಬ್ರಿಗ್ಗೆನ್‌ನ ಹಳೆಯ ಮರದ ಮನೆಗಳ ಸಾಲು ಕಾಣುವವರೆಗೂ ಹೆಚ್ಚು ಮಾತಿಲ್ಲದೆ ಜತೆಗೆ ನಡೆದರು. ಹೆಸರು ಕೇಳುವಷ್ಟರಲ್ಲಿ ಅವರು ಬೆಟ್ಟದ ಕಡೆಗೆ ತಿರುಗಿಯಾಗಿತ್ತು. ಹೆಬ್ಬೆರಳಿನ ಬಳಿ ಬೇರೆ ಬಣ್ಣದ ನೂಲಿನಿಂದ ಹೊಲಿದು ಸರಿಮಾಡಿದ ಆ ಕೈಗವಸುಗಳು ಇನ್ನೂ ನನ್ನಲ್ಲಿವೆ. ಅವರಿಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.